ಬೀಡಣ್ಣನ ಮಡಿ

ಐವತ್ತರ ಹತ್ತಿರ ಬರುವವರೆಗೂ ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋಗುತ್ತಿದ್ದ, ಅದಕ್ಕೂ ಲೋಟ ಎಲ್ಲಿದೆ ಎಂದು ಕೂಗಿ ಕೇಳುತ್ತಿದ್ದ ಗಂಡಸು ಒಂದು ಶನಿವಾರ ಸಂಜೆ ಮೈದಾ ಹಿಟ್ಟು ನಾದುತ್ತ ನಿಂತಿದ್ದರೆ, ಆ ಮನೆಗೆ ಬೀಡಿನ ಬಾಣಲೆ ಬಂದಿದೆ ಎಂದು ತಿಳಿಯಬೇಕು. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲ ಕಡೆಯೂ ಈಗ ಬಡಾವಣೆಗೊಬ್ಬ ಇಂಥವನಿದ್ದಾನೆ. ಹೆಸರು ಬೇರೆ ಬೇರೆ ಇರಬಹುದು, ಲಕ್ಷಣ ಒಂದೇ. ನಾವು ಬೀಡಣ್ಣ ಅನ್ನೋಣ.

ಸ್ಟೀಲು, ಅಲ್ಯೂಮಿನಿಯಂ, ನಾನ್‌ಸ್ಟಿಕ್ ಎಲ್ಲವನ್ನೂ ಹೆಂಡತಿಯ ಇಲಾಖೆಗೆ ಬಿಟ್ಟಿದ್ದ ಈತ ಬೀಡಿಗೆ ಮಾತ್ರ ಮನಸೋತದ್ದು ಸುಮ್ಮನೆ ಅಲ್ಲ. ಹತ್ತು ಇಂಚಿನ ಬಾಣಲೆಯೇ ಎರಡು ಕೆಜಿಗೆ ಮೇಲೆ ತೂಗುತ್ತದೆ. ಎಣ್ಣೆ ಕೇಳುತ್ತದೆ, ಹೊಗೆ ಬಿಡುತ್ತದೆ, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಥೇಟ್ ಟ್ರ್ಯಾಕ್ಟರು. ಅದರ ಮುಂದೆ ಬನಿಯನ್ನಿನಲ್ಲಿ ಕೂತು ಬಟ್ಟೆಯಿಂದ ಒರೆಸುತ್ತಿದ್ದರೆ ದಾರಿಯಲ್ಲಿ ಹೋಗುವವರು ಯಾರೂ ‘ಏನಣ್ಣ, ಪಾತ್ರೆ ತೊಳೀತಿದ್ದೀಯಾ’ ಎಂದು ಕೇಳುವುದಿಲ್ಲ.

ಕೊಳ್ಳುವ ದಿನ ಪೇಟೆ ಬೀದಿಯ ಪಾತ್ರೆ ಅಂಗಡಿಯವನಿಗೆ ಗ್ರಹಚಾರ. ಬೀಡಣ್ಣ ಬಾಣಲೆಯನ್ನು ಬೋರಲು ಹಾಕಿ ಬೆರಳ ಗೆಣ್ಣಿನಿಂದ ಬಡಿಯುತ್ತಾನೆ. ಠಣ್ ಅಂದರೆ ಪಾಸು. ದಬ್ ಅಂದರೆ ಎಲ್ಲೋ ಬಿರುಕಿದೆ. ಆಮೇಲೆ ಗಾಜಿನ ಕೌಂಟರಿನ ಮೇಲಿಟ್ಟು ಅಲ್ಲಾಡುತ್ತದೆಯೇ ಎಂದು ಬಗ್ಗಿ ನೋಡುತ್ತಾನೆ. ಒಳಮೈ ಮೇಲೆ ಅಂಗೈ ಆಡಿಸಿ, ಮರಳಿನ ಅಚ್ಚಿನ ತರಿ ಎಷ್ಟು ಉಳಿದಿದೆ ಎಂದು ಕಣ್ಣು ಮುಚ್ಚಿ ಲೆಕ್ಕ ಹಾಕುತ್ತಾನೆ. ಹಿಡಿ ಬಾಣಲೆಯ ಜೊತೆಗೇ ಎರಕವಾಗಿರಬೇಕು. ಸ್ಕ್ರೂ ಹಾಕಿದ ಮರದ ಹಿಡಿಯಾದರೆ ಓವನ್‌ಗೆ ಹೋಗುವ ಹಾಗಿಲ್ಲ. ಅಂಚು ಇಲ್ಲದ ಚಪ್ಪಟೆ ಕಾವಲಿಯಾದರೆ ಪಿಜ್ಜಾ ಜಾರಿಸಿ ತೆಗೆಯಲು ಸುಲಭ, ಅಂಚಿದ್ದರೆ ಚೀಸು ಆಚೆ ಹರಿಯುವುದಿಲ್ಲ. ಈ ವಿಚಾರ ಇತ್ಯರ್ಥವಾಗುವಷ್ಟರಲ್ಲಿ ಅಂಗಡಿಗೆ ಬಂದ ಮೂರು ಗಿರಾಕಿಗಳು ಕುಕ್ಕರ್ ಕೊಂಡು ಹೋಗಿರುತ್ತಾರೆ. ಕೊನೆಗೆ ಜೇಬಿನಿಂದ ಅಯಸ್ಕಾಂತ ಹೊರಬರುತ್ತದೆ.

“ಅಣ್ಣ, ಅದು ತಗಡಿಗೂ ಕಚ್ತದೆ, ಬೀಡಿಗೂ ಕಚ್ತದೆ. ಕಾಲ್ ಮೇಲೆ ಬೀಳುಸ್ಕೊಂಡ್ ನೋಡಿ, ಯಾವುದು ಅಂತ ಗೊತ್ತಾಯ್ತದೆ,” ಅನ್ನುತ್ತಾನೆ ಅಂಗಡಿಯವನು.

ಇಷ್ಟು ಸಾಕು. ಬಿದ್ದರೆ ತಗಡು ಸೊಟ್ಟಗಾಗುತ್ತದೆ, ಬೀಡು ಒಡೆಯುತ್ತದೆ, ಯಾಕೆಂದರೆ ಬೀಡಿನಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಇರುತ್ತದೆ ಎಂದು ಶುರುವಾದ ಪಾಠ ಭದ್ರಾವತಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ 1923ರಲ್ಲಿ ಸೌದೆಯ ಇದ್ದಿಲಿನಿಂದ ಬೀಡು ಕರಗಿಸಿದ ಕಾರ್ಖಾನೆಗೂ ವಿಶ್ವೇಶ್ವರಯ್ಯನವರಿಗೂ ಇದ್ದ ನಂಟನ್ನು ಬೀಡಣ್ಣ ಬಲ್ಲ. ಮಂಡ್ಯದಲ್ಲಿ ಅವರ ಹೆಸರೆತ್ತಿದ ಮೇಲೆ ಚೌಕಾಸಿ ಮಾಡುವುದು ಸರಿಯಲ್ಲ ಎಂದುಕೊಂಡು ಅಂಗಡಿಯವನು ಹೇಳಿದಷ್ಟು ದುಡ್ಡು ಕೊಟ್ಟು ಬರುತ್ತಾನೆ.

ಇನ್ನು ಪಳಗಿಸುವ ಕೆಲಸ. ಇವನ ಅವ್ವನ ಕಾಲದಲ್ಲಿ ಹೊಸ ಕಾವಲಿಯನ್ನು ಗಂಜಿಯಲ್ಲಿ ನೆನೆಹಾಕಿ, ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಉಜ್ಜಿ, ಮೊದಲೆರಡು ದೋಸೆಯನ್ನು ದನಕ್ಕೆ ಹಾಕಿದರೆ ಮುಗಿಯಿತು. ಬೀಡಣ್ಣ ಅಗಸೆ ಎಣ್ಣೆ ತರಿಸಿದ. ಬಾಣಲೆಗೆ ಹಚ್ಚಿ, ಹಚ್ಚಿಯೇ ಇಲ್ಲವೇನೋ ಅನ್ನುವಷ್ಟು ಒರೆಸಿ, ಹೊಗೆ ಬರುವವರೆಗೆ ಕಾಯಿಸಿ, ಆರಿಸಿ, ಮತ್ತೆ ಹಚ್ಚಿದ. ಎಣ್ಣೆ ತೆಳ್ಳಗಿದ್ದರೆ ಕಾವಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿ ಕಪ್ಪು ಪದರವಾಗುತ್ತದೆ; ಆಸೆಪಟ್ಟು ಜಾಸ್ತಿ ಸುರಿದರೆ ಅಂಟು ಅಂಟು. ಇದು ಸರಿಯಾದ ಮಾತೇ. ಅಗಸೆ ಎಣ್ಣೆಯ ಪದರ ತಿಂಗಳೊಪ್ಪತ್ತಿನಲ್ಲಿ ಚಕ್ಕೆ ಚಕ್ಕೆಯಾಗಿ ಎದ್ದದ್ದೂ ಅಷ್ಟೇ ಸರಿ. ಈಗ ಕಡಲೆಕಾಯಿ ಎಣ್ಣೆಗೆ ವಾಪಸು ಬಂದಿದ್ದಾನೆ. ಅವ್ವ ಏನೂ ಅನ್ನಲಿಲ್ಲ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು.

ಹಬ್ಬದ ದಿನವೂ ಮಡಿ ಗೊತ್ತಿಲ್ಲದ ಮನೆಗೆ ಹೀಗೆ ಮಡಿ ಬಂತು. ಬಾಣಲೆಗೆ ಬೇರೆ ಕಪಾಟು, ಬೇರೆ ಬಟ್ಟೆ. ಸೋಪು ಸೋಕಬಾರದು, ಹುಳಿ ಮುಟ್ಟಬಾರದು, ಒದ್ದೆ ಕೈಯಲ್ಲಿ ಎತ್ತಬಾರದು, ಕೆಲಸದವಳ ಕಣ್ಣಿಗೆ ಬೀಳಬಾರದು. ಅಸಲಿಗೆ ಈಗಿನ ಪಾತ್ರೆ ಲಿಕ್ವಿಡ್ ಒಂದು ತೊಟ್ಟು ಹಾಕಿ ಉಜ್ಜಿದರೆ ಪಳಗಿದ ಪದರಕ್ಕೆ ಏನೂ ಆಗದು. ನೀರಿನಲ್ಲಿ ನೆನೆಯಲು ಬಿಟ್ಟರೆ ಕೆಡುತ್ತದೆ, ಅಷ್ಟೆ. ಇದನ್ನು ಬೀಡಣ್ಣನಿಗೆ ಹೇಳುವವರು ಯಾರು?

ಪಾಸ್ ಇಟ್ಟುಕೊಂಡು ದಿನಾ ಬೆಂಗಳೂರಿಗೆ ಓಡಾಡುವ ಮಂಡ್ಯದ ರೈಲು ಬಳಗಕ್ಕೆ ಈತನ ಬಾಣಲೆ ಚೆನ್ನಾಗಿ ಪರಿಚಯ. ಫೋನಿನಲ್ಲಿ ಅದರ ಫೋಟೋಗಳಿವೆ: ಮುಂದಿನಿಂದ, ಪಕ್ಕದಿಂದ, ಟ್ಯೂಬ್‌ಲೈಟು ಪ್ರತಿಫಲಿಸಿದ ಹಾಗೆ. ಮದ್ದೂರು ಬಂದಾಗ ವಡೆ ಮಾರುವವರು ಹತ್ತುತ್ತಾರೆ. 1917ರಲ್ಲಿ ಇದೇ ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯರು, ರೈಲು ಬಂದು ನಿಂತಾಗ ಪಕೋಡಕ್ಕೆ ಹೊತ್ತು ಸಾಲದೆ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಬಿಟ್ಟರು, ಅದೇ ಮದ್ದೂರು ವಡೆಯಾಯಿತು ಎಂದು ಊರವರು ಹೇಳುತ್ತಾರೆ. ಗಾರ್ಡು ಸೀಟಿ ಊದುವಷ್ಟರಲ್ಲಿ ತಿಂಡಿ ಕೈಗಿಟ್ಟ ಊರು! ಬೀಡಣ್ಣ ವಡೆ ಕೊಂಡು, ಮುರಿದು, ತಳ ನೋಡಿ, “ಯಾವ ಬಾಣಲೇಲಿ ಕರೀತೀರಪ್ಪ?” ಎಂದು ಕೇಳುತ್ತಾನೆ. ಮಾರುವವನು ಆಗಲೇ ಮುಂದಿನ ಬೋಗಿಯಲ್ಲಿರುತ್ತಾನೆ.

ಪಿಜ್ಜಾ ಭಾನುವಾರ. ಹಿಟ್ಟು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಮಲಗಿ ಎದ್ದಿದೆ, ನೆಂಟರು ಹನ್ನೆರಡಕ್ಕೇ ಬಂದು ಕೂತಿದ್ದಾರೆ. ಬೀಡಣ್ಣ ಅವರಿಗೆ ತತ್ವ ಹೇಳುತ್ತಿದ್ದಾನೆ. ನೇಪಲ್ಸಿನ ಸೌದೆ ಒಲೆಯ ಕಾವು 430 ಡಿಗ್ರಿ ದಾಟುತ್ತದೆ, ಪಿಜ್ಜಾ ಒಂದೂವರೆ ನಿಮಿಷಕ್ಕೆ ತಯಾರು. ಮನೆಯ ಓಟಿಜಿ 250ಕ್ಕೆ ಕೈಯೆತ್ತುತ್ತದೆ. ಬೀಡು ಬೇಕಾಗುವುದು ಇಲ್ಲಿ. ಬಿಸಿಯಾಗಲು ಸತಾಯಿಸುತ್ತದೆ, ಕಾವು ಒಂದೇ ಸಮ ಹರಡುವುದಿಲ್ಲ, ಅದಕ್ಕೇ ಸಣ್ಣ ಉರಿಯಲ್ಲಿ ಬಾಣಲೆಯನ್ನು ಆಗಾಗ ತಿರುಗಿಸುತ್ತ ಕಾಯಿಸಬೇಕು. ಆದರೆ ಒಂದು ಸಲ ಕಾವು ಹಿಡಿಯಿತೆಂದರೆ ತಣ್ಣನೆಯ ಹಿಟ್ಟು ಬಿದ್ದರೂ ಜಗ್ಗುವುದಿಲ್ಲ, ತಳ ಗರಿಗರಿ. ಒಲೆಯ ಮೇಲೆ ತಳ ಹಿಡಿಸಿ, ಆಮೇಲೆ ಓಟಿಜಿಗೆ ದೂಡಿ ಮೇಲಿನ ಕಡ್ಡಿಯ ಕಾವಿಗೆ ಚೀಸು ಕೆಂಪಾಗಿಸಬೇಕು. 1902ರಲ್ಲೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ಭಾನುವಾರ ಒಂದೂವರೆಗೆ ಬೀಡಣ್ಣನ ಮನೆಯಿಂದಲೂ ಹೋಯಿತು.

ಬಾಣಲೆಯ ಮೇಲೆ ಇಡ್ಲಿ ಪಾತ್ರೆಯ ಮುಚ್ಚಳ ಮುಚ್ಚಿ ಕಾದದ್ದಾಯಿತು. ಚೀಸು ಕರಗಿತು, ಕೆಂಪಾಗಲಿಲ್ಲ. ಅಷ್ಟರಲ್ಲಿ ಹೆಂಡತಿ ನೆಂಟರಿಗೆಲ್ಲ ಮುದ್ದೆ, ಸೊಪ್ಪಿನ ಸಾರು ಬಡಿಸಿ ಮುಗಿಸಿದ್ದಳು. ಎರಡೂವರೆಗೆ ಇಳಿದ ಪಿಜ್ಜಾದ ತಳ ಮಾತ್ರ, ಸುಳ್ಳೇಕೆ, ಅಂಗಡಿಯದನ್ನು ನಾಚಿಸುವಂತಿತ್ತು. ಅವ್ವ ಒಂದು ತುಂಡು ಅಗಿದು ತೀರ್ಪು ಕೊಟ್ಟಳು: “ರೊಟ್ಟಿ ಚೆಂದಾಗದೆ ಕಣ್ಲಾ. ಮೇಲಿನ ಅಂಟು ಇಲ್ದಿದ್ರೆ ಇನ್ನೂ ಚೆಂದಾಗಿರದು.”

ಹೊಸ ಬಾಣಲೆ ಮನೆಯಲ್ಲಿರುವಾಗಲೇ ಹಳೆಯ ಬೀಡಿನ ಹುಚ್ಚೂ ಹಿಡಿಯಿತು. ಸವೆದು ನುಣ್ಣಗಾದದ್ದು ಈಗ ಎಷ್ಟು ಕೊಟ್ಟರೂ ಸಿಗಲ್ಲ ಎನ್ನುತ್ತ ಮಳವಳ್ಳಿಯ ಗುಜರಿ ಅಂಗಡಿಗಳನ್ನು ಸುತ್ತಿ, ಕಡೆಗೆ ಅಲ್ಲೇ ಹತ್ತಿರದ ಮಾವನ ಮನೆಗೆ ನುಗ್ಗಿದ. ಅತ್ತೆಯ ಒಲೆಯ ಮೇಲೆ ದೋಸೆ ಕಾವಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಹೇಗೆ ಕೇಳುವುದೆಂದು ಇವನು ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಅತ್ತೆ ಅದನ್ನು ಗೋಣಿಚೀಲಕ್ಕೆ ತುಂಬಿದರು. “ಎತ್ಕೊಂಡೋಗಿ ಅಳಿಯಂದ್ರೆ. ಇದ ಎತ್ತೀ ಎತ್ತೀ ನನ್ ರಟ್ಟೆ ಬಿದ್ದೋಗದೆ. ನಿಮ್ಮನೇಲಿ ಆ ಹಗೂರದ್ದು, ಅಂಟದೇ ಇರೋದು ಸುಮ್ನೆ ಬಿದ್ದದಂತಲ್ಲ, ಅದ ಕಳುಸ್ಕೊಡಿ.” ವಿನಿಮಯ ನಡೆದುಹೋಯಿತು. ಎದುರಿನವರನ್ನು ಚೆನ್ನಾಗಿ ಏಮಾರಿಸಿದೆವು ಎಂದು ಇಬ್ಬರಿಗೂ ಸಮಾಧಾನ.

ಆ ಕಾವಲಿಗೂ ಮಡಿಯ ಕಾನೂನು ಜಾರಿಯಾಯಿತು. ಬೀಡಣ್ಣ ಆಫೀಸಿಗೆ ಹೋದ ಹೊತ್ತಿನಲ್ಲಿ ಹೆಂಡತಿ ಬಾಣಲೆಯಲ್ಲಿ ಹುಣಸೆಹಣ್ಣಿನ ಗೊಜ್ಜು ಕುದಿಸಿ ಅದರಲ್ಲೇ ಬಿಟ್ಟಿದ್ದಳು. ಸಂಜೆ ಮುಚ್ಚಳ ತೆಗೆದರೆ ಗೊಜ್ಜು ಮಸಿಯಂತೆ ಕಪ್ಪು, ಬಾಣಲೆ ಬೂದಿಬಣ್ಣ.

“ಗೊಜ್ಜು ಮಾಡಕ್ಕಾಗ್ದೇ ಇರೋದು ಯಾವ ಸೀಮೆ ಪಾತ್ರೆ ರೀ?”

ಬೀಡಣ್ಣ ಉತ್ತರ ಕೊಡಲಿಲ್ಲ, ಬಟ್ಟೆಯನ್ನೂ ಬದಲಾಯಿಸದೆ ಎಣ್ಣೆ ಬಾಟಲಿ ಹುಡುಕಿದ.

ಈಗ ಮಗಳ ಮದುವೆ ಗೊತ್ತಾಗಿದೆ, ಸಂಸಾರ ಬೆಂಗಳೂರಿನಲ್ಲಿ. ಬೆಳ್ಳಿ ತಟ್ಟೆಗೆ ಮುಂಚೆಯೇ ಹನ್ನೆರಡು ಇಂಚಿನ ಬೀಡಿನ ಬಾಣಲೆ ಪಟ್ಟಿಗೆ ಸೇರಿತು. “ಅಪ್ಪಾ, ಅದನ್ನ ತೊಳೆಯೋಕೆ ಒರೆಸೋಕೆ ಜೊತೆಗೆ ನೀನೂ ಬರ್ತೀಯಾ?” ಎಂದು ಮಗಳು ತಮಾಷೆಗೆ ಕೇಳಿದಳು. ಬೀಡಣ್ಣನಿಗೆ ಅದು ತಮಾಷೆ ಅನ್ನಿಸಲಿಲ್ಲ. ಸಂಜೆಯ ರೈಲು ಎಷ್ಟಕ್ಕೆ, ಅವಳ ಮನೆ ಸ್ಟೇಷನ್ನಿಗೆ ಎಷ್ಟು ದೂರ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪಾಸ್ ಹೇಗೂ ಇದೆಯಲ್ಲ.