ಮೇಲಿನ ಲೈನು, ಕೆಳಗಿನ ಲೈನು

ಹೊನ್ನಾವರ ತಾಲ್ಲೂಕಿನಲ್ಲಿ ಕರೆಂಟಿಗೆ ಬರ ಎನ್ನುವವರು ಗೇರುಸೊಪ್ಪೆ ನೋಡಿಲ್ಲ. ಅಲ್ಲಿನ ಶರಾವತಿ ಟೇಲ್‌ರೇಸ್ ವಿದ್ಯುದಾಗಾರದ ಸಾಮರ್ಥ್ಯವೇ 240 ಮೆಗಾವಾಟ್. ಅದೇ ಹೊಳೆಯ ಮೇಲ್ಗಡೆ 1,035 ಮೆಗಾವಾಟ್‌ನದು ಇನ್ನೊಂದು. ಜೋಗದ್ದು 1948ರಷ್ಟು ಹಳೆಯದು. ಕಾರವಾರದ ಕಡೆ ತಿರುಗಿದರೆ ಕೈಗಾದಲ್ಲಿ 880 ಮೆಗಾವಾಟ್ ಅಣುವಿದ್ಯುತ್. ನಮ್ಮಲ್ಲಿ ಹುಟ್ಟಿದ ಕರೆಂಟಿಗೆ ನಮ್ಮಲ್ಲಿ ಇಳಿಯಲು ಪುರುಸೊತ್ತಿಲ್ಲ, ಅಷ್ಟೆ. ರಾಜಧಾನಿ ಎಕ್ಸ್‌ಪ್ರೆಸ್ ಕೂಡ ಹೊನ್ನಾವರದಲ್ಲಿ ನಿಲ್ಲುವುದಿಲ್ಲವಲ್ಲ.

ದೂರ ಹೋಗುವ ಕರೆಂಟಿಗೆ ಉಕ್ಕಿನ ಗೋಪುರ, ಎರಡೂ ಬದಿ ಕಾಡು ಬೋಳಿಸಿದ ಹೆದ್ದಾರಿ. ಊರಿನ 11 ಕೆವಿ ಲೈನಿಗೆ ವಾಲಿದ ಕಂಬ, ಬರಿಮೈ ತಂತಿ, ನೆತ್ತಿಯ ಮೇಲೆ ಹಲಸಿನ ಕೊಂಬೆ. ಮೇಲಿನ ಲೈನಿಗೆ ಮರ ಅಡ್ಡ ಬಂದರೆ ಮರ ಹೋಗುತ್ತದೆ; ಕೆಳಗಿನದಕ್ಕೆ ಅಡ್ಡ ಬಂದರೆ ಕರೆಂಟ್ ಹೋಗುತ್ತದೆ.

ಕುಮಟಾ, ಭಟ್ಕಳಕ್ಕೆ ಮುಂಗಾರು ವರ್ಷವರ್ಷವೂ ಬರುತ್ತದೆ. ಕರೆಂಟ್ ಕಚೇರಿಗೆ ಮಾತ್ರ ಪ್ರತಿಸಲವೂ ಅನಿರೀಕ್ಷಿತ. ಮೇ ತಿಂಗಳಲ್ಲಿ ಕೊಂಬೆ ಕಡಿಯಲೆಂದು ದಿನವಿಡೀ ಕರೆಂಟ್ ತೆಗೆಯುತ್ತಾರೆ. ಬಿಟ್ಟುಹೋದ ಕೊಂಬೆ ಜೂನ್‌ನಲ್ಲಿ ತಾನೇ ಬಿದ್ದು ಕೆಲಸ ಪೂರೈಸುತ್ತದೆ. ಫೀಡರ್ ಒಂದು, ಹಳ್ಳಿ ಹಲವು. ಒಂದು ಕಡೆ ತಂತಿಯ ಜೋಡಣೆ ಕಳಚಿದರೆ ಎಲ್ಲರಿಗೂ ಸಮಪಾಲು ಕತ್ತಲೆ.

ಲೈನ್‌ಮನ್‌ನನ್ನು ಮಾತ್ರ ಗೇಲಿ ಮಾಡಲಾರೆ. ಜಡಿಮಳೆಯಲ್ಲಿ ಟಾರ್ಚ್ ಹಿಡಿದು ಗುಡ್ಡ, ಗದ್ದೆ ತುಳಿದು ಫಾಲ್ಟ್ ಹುಡುಕುವವನು ಅವನೇ. ಒಣ ಮುರಕಲ್ಲಿನ ಮೇಲೋ ಕೊಂಬೆಯ ಮೇಲೋ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಕರೆಂಟ್ ಕಡಿಮೆ. ಹಾಗಾಗಿ ಫೀಡರ್ ಟ್ರಿಪ್ ಆಗದೆಯೂ ಇದ್ದೀತು, ತಂತಿಗೆ ಜೀವ ಇದ್ದೀತು. ಕಂಡವರು ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಬೇಕು. ಫೋನಿನಲ್ಲಿ ಚಾರ್ಜ್ ಇರಬೇಕು, ಟವರಿಗೂ ಕರೆಂಟ್ ಇರಬೇಕು. ಅದು ಗ್ರಾಹಕರ ಪುಣ್ಯ.

2023ರಲ್ಲಿ ಗೃಹಜ್ಯೋತಿ ಬಂತು, 200 ಯೂನಿಟ್‌ವರೆಗೆ ಪುಕ್ಕಟೆ. ಮಿತಿ ಮೀರದಂತೆ ಮಳೆಗಾಲವೇ ನೋಡಿಕೊಳ್ಳುತ್ತದೆ. ಕರೆಂಟ್ ಹಂಚುವ ಕಂಪನಿ ಹೆಸ್ಕಾಂ ಹುಟ್ಟಿ ಎರಡು ದಶಕ ದಾಟಿದರೂ ನಮ್ಮ ಜನ ಕತ್ತಲೆಯಲ್ಲಿ ಬೈಯುವುದು ಹಳೆಯ ವಿದ್ಯುತ್ ಮಂಡಳಿ ಕೆಇಬಿಯನ್ನೇ. ಹೊಸ ಕಂಪನಿಗೆ ಇದಕ್ಕಿಂತ ದೊಡ್ಡ ರಿಯಾಯಿತಿ ಯಾರು ಕೊಟ್ಟಾರು?

ಈಗ ಶರಾವತಿಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಮಾಡುತ್ತಾರಂತೆ. ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಮತ್ತೆ ಇಳಿಸುವುದು. ಎತ್ತಲು ಸುಡುವ ವಿದ್ಯುತ್ತು ಇಳಿದಾಗ ಸಿಗುವುದಕ್ಕಿಂತ ಹೆಚ್ಚು. ಪರವಾಗಿಲ್ಲ, ದೊಡ್ಡೂರುಗಳ ಸಂಜೆ ಬೆಳಗಬೇಕಲ್ಲ. ಸಿಂಗಳೀಕಗಳ ಕಾಡಿನಡಿ ಸುರಂಗ ಕೊರೆಯಲು ಸಾವಿರಾರು ಕೋಟಿ ಹುಟ್ಟುತ್ತದೆ. ಮರದ ನಡುವಿನ ತಂತಿಗೆ ಹೊದಿಕೆ ಕೇಳಿದರೆ ಅನುದಾನ ಇಲ್ಲ.

ಹೊಳೆ, ಕಾಡು ಉಳಿಯಲಿ ಎಂದು ವಿರೋಧಿಸುವವರ ಜತೆ ನಾನೂ ಇದ್ದೇನೆ. ಆದರೂ ಒಂದು ಸಣ್ಣ ಆಸೆ ಕಾಡುತ್ತದೆ: ಸುರಂಗದ ಯಂತ್ರ ಹೊತ್ತ ಲಾರಿಗೆ ನಮ್ಮ ಜೋತುಬಿದ್ದ ತಂತಿ ತಾಗೀತು. ಆ ಲಾರಿ ದಾಟುವ ಸಲುವಾಗಿಯಾದರೂ ಅದನ್ನು ಮೊಳದಷ್ಟು ಎತ್ತಿಕಟ್ಟಿಯಾರು.