ಹೆಬ್ಬೆರಳಿನ ಪಂಚಾಂಗ

ಕಾಯಿಲೆಗಳಲ್ಲೂ ಅಂತಸ್ತುಂಟು. ಶುಗರ್ ಇದ್ದವರು ಅದನ್ನು ಮದುವೆಮನೆಯ ಪಂಕ್ತಿಯಲ್ಲಿ ಕೂತು ಗಟ್ಟಿಯಾಗಿ ಸಾರಬಹುದು. ಹೋಳಿಗೆ ಬಡಿಸುವವನು ಗೌರವದಿಂದಲೇ ಮುಂದಿನ ಎಲೆಗೆ ಹೋಗುತ್ತಾನೆ. ಮಂಡಿನೋವಿನವರಿಗೆ ಕುರ್ಚಿ ಸಿಗುತ್ತದೆ, ಬೈಪಾಸ್ ಆದವರ ಸುತ್ತ ಒಂದು ಸಭೆಯೇ ಸೇರುತ್ತದೆ. ಆದರೆ ಕಾಲಿನ ಹೆಬ್ಬೆರಳ ಉಗುರಿಗೆ ಫಂಗಸ್ ಹಿಡಿದು, ಅದು ಹಳದಿಗಟ್ಟಿ, ದಪ್ಪಗಾಗಿ, ಅಂಚಿನಲ್ಲಿ ಪುಡಿಪುಡಿಯಾಗಿ ಉದುರುತ್ತಿದೆ ಎಂದು ಯಾರೂ ಯಾವ ಪಂಕ್ತಿಯಲ್ಲೂ ಹೇಳಿಕೊಂಡ ಉದಾಹರಣೆಯಿಲ್ಲ. ಮುಚ್ಚಿಡೋಣವೆಂದರೆ ನಮ್ಮ ಶಿಷ್ಟಾಚಾರವೇ ಅಡ್ಡ ಬರುತ್ತದೆ. ಚಳಿದೇಶದವನು ಬೆಳಗ್ಗೆ ಬೂಟು ಹಾಕಿದರೆ ರಾತ್ರಿಯವರೆಗೆ ಅವನ ಗುಟ್ಟು ಭದ್ರ. ನಾವೋ ಮನೆಬಾಗಿಲಲ್ಲಿ, ದೇವಸ್ಥಾನದ ಮುಂದೆ, ಕೆಲವು ಬಟ್ಟೆ ಅಂಗಡಿಗಳ ಮೆಟ್ಟಿಲ ಹತ್ತಿರವೂ ಚಪ್ಪಲಿ ಬಿಡಬೇಕಾದವರು. ವಯಸ್ಸಿನ ಜೊತೆ ಬರುವ ದೊಡ್ಡ ಮರ್ಯಾದೆಯೆಂದರೆ ಕಿರಿಯರು ಕಾಲಿಗೆ ಬೀಳುವುದು. ವಯಸ್ಸಿನ ಜೊತೆಗೇ ಹೆಚ್ಚುವ ಕಾಯಿಲೆಯೆಂದರೆ ಈ ಉಗುರಿನದು. ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಇರುವ ಇದು, 70 ದಾಟಿದವರಲ್ಲಿ ಅರ್ಧದಷ್ಟು ಮಂದಿಗೆ ಇರಬಹುದೆಂದು ಚರ್ಮವೈದ್ಯರ ಅಂದಾಜು. ಹೀಗಾಗಿ ಆಶೀರ್ವಾದಕ್ಕೆಂದು ಬಗ್ಗಿದ ಮದುಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಹಿರಿಯರ ವಾತ್ಸಲ್ಯವಲ್ಲ. ಇಷ್ಟೆಲ್ಲ ಮುಜುಗರ ಕೊಟ್ಟೂ ಇದು ವರ್ಷಗಟ್ಟಲೆ ಉಳಿಯುವುದೇಕೆ? ‘ಇದಕ್ಕೆ ಔಷಧಿಯೇ ಇಲ್ಲ ಬಿಡಿ’ ಎಂಬುದು ಎಲ್ಲರೂ ಕೊಡುವ ಉತ್ತರ. ಔಷಧಿ ಇದೆ, ನಮ್ಮ ಹತ್ತಿರ ಇಲ್ಲದಿರುವುದು ವ್ಯವಧಾನ. ಈ ಕಾಯಿಲೆಯನ್ನು ಅರ್ಧ ಸಾಕುತ್ತಿರುವುದು ಶಿಲೀಂಧ್ರ, ಇನ್ನರ್ಧ ಸಾಕುತ್ತಿರುವುದು ನಮ್ಮ ಅವಸರ ಎಂಬುದು ನನ್ನ ವಾದ.

ಉಗುರಿನ ಲೆಕ್ಕ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಕಾಲಿನದು ಅದರರ್ಧ, ಒಂದೂವರೆ ಮಿಲಿಮೀಟರ್. ಕಾಲಿನ ಹೆಬ್ಬೆರಳ ಉಗುರು ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಹಿಡಿಯುತ್ತದೆ. ವಯಸ್ಸಾದಂತೆ ಇನ್ನೂ ನಿಧಾನ. ಕಣ್ಣಿಗೆ ಕಾಣುವ ಉಗುರು ಕೆರಾಟಿನ್ ಎಂಬ ಸತ್ತ ಪದಾರ್ಥ. ಅದರಲ್ಲಿ ರಕ್ತವಿಲ್ಲ, ನರವಿಲ್ಲ, ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಏರ್ಪಾಡೂ ಇಲ್ಲ. ಒಮ್ಮೆ ಕೆಟ್ಟ ಉಗುರನ್ನು ಯಾವ ಔಷಧಿಯೂ ನೆಟ್ಟಗೆ ಮಾಡಲಾರದು. ಬುಡದಿಂದ ಹೊಸದಾಗಿ ಬರುವ ಉಗುರಿಗೆ ಸೋಂಕು ತಾಗದಂತೆ ಕಾಯುವುದಷ್ಟೇ ಔಷಧಿಯ ಕೆಲಸ. ಹಳೆಯದನ್ನು ಮುಂದಕ್ಕೆ ತಳ್ಳುವುದು ಉಗುರಿನ ಕೆಲಸ, ಕತ್ತರಿಸುವುದು ನಮ್ಮ ಕೆಲಸ. ಇದರಲ್ಲಿ ಯಾರೊಬ್ಬರೂ ಓವರ್‌ಟೈಮ್ ಮಾಡುವ ಹಾಗಿಲ್ಲ. ಎದುರಾಳಿಯ ಸ್ಥಿತಿಯೋ ಸುಖಮಯ. ಈ ಸೋಂಕಿಗೆ ಬಹುಪಾಲು ಕಾರಣವಾದ ಟ್ರೈಕೋಫೈಟಾನ್ ರೂಬ್ರಮ್ ಎಂಬ ಶಿಲೀಂಧ್ರ ಕೆರಾಟಿನ್ನನ್ನೇ ತಿಂದು ಬದುಕುತ್ತದೆ. ಮಲಗಿದಲ್ಲೇ ಊಟ, ಶೂ ಒಳಗಿನ ಬೆವರಿನ ತೇವ, ಮೇಲೆ ಗಟ್ಟಿ ಉಗುರಿನ ರಕ್ಷಣೆ. ರಕ್ತದಲ್ಲಿ ಓಡಾಡುವ ಕಾವಲು ಕಣಗಳು ರಕ್ತವೇ ಇಲ್ಲದ ಉಗುರಿನೊಳಗೆ ಕಾಲಿಡುವಂತಿಲ್ಲ. ನಮ್ಮ ರೋಗಿಯಾದರೋ ಎರಡೂವರೆ ಗಂಟೆಯಲ್ಲಿ ಖಳನಾಯಕ ಸಾಯಲೇಬೇಕೆಂದು ಟಿಕೆಟ್ ಕೊಂಡು, ಮೆಗಾ ಧಾರಾವಾಹಿಯ ಮುಂದೆ ಬಂದು ಕೂತವನ ಹಾಗೆ ಚಡಪಡಿಸುತ್ತಾನೆ. ಹದಿನೈದು ದಿನ ಮುಲಾಮು ಹಚ್ಚಿ, ಕನ್ನಡಕ ಏರಿಸಿ, ಕಾಲನ್ನು ದೀಪದ ಹತ್ತಿರಕ್ಕೆ ಎಳೆದುಕೊಂಡು ನೋಡುತ್ತಾನೆ. ಔಷಧಿ ಅತ್ಯದ್ಭುತವಾಗಿ ಕೆಲಸ ಮಾಡಿದ್ದರೂ ಅವನಿಗೆ ಕಾಣಬೇಕಾದದ್ದು ಮುಕ್ಕಾಲು ಮಿಲಿಮೀಟರ್ ಒಳ್ಳೆಯ ಉಗುರು. ಅದನ್ನು ಗುರುತಿಸಲು ಅಕ್ಕಸಾಲಿಗರ ಭೂತಗನ್ನಡಿ ಬೇಕು. ‘ಏನೂ ಪ್ರಯೋಜನವಿಲ್ಲ’ ಎಂದು ಟ್ಯೂಬು ಕಪಾಟಿನ ಮೂಲೆ ಸೇರುತ್ತದೆ.

ಇದು ಬರೀ ತರ್ಕವಲ್ಲ. ಔಷಧಿಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. 1939ರಲ್ಲಿ ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಿಂದ ಗ್ರೀಸಿಯೋಫಲ್ವಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಗಜಕರ್ಣಕ್ಕೆ ನುಂಗುವ ಮಾತ್ರೆಯಾಗಿ ಬಳಕೆಗೆ ಬಂದದ್ದು 1958ರ ಹೊತ್ತಿಗೆ. ಕಾಲುಗುರಿಗಾದರೆ ಆ ಮಾತ್ರೆಯನ್ನು ವರ್ಷವೋ ಅದಕ್ಕೂ ಹೆಚ್ಚೋ ನುಂಗಬೇಕಿತ್ತು. ಈಗ ಹೆಚ್ಚಾಗಿ ಬರೆದುಕೊಡುವ ಟರ್ಬಿನಾಫಿನ್ ಮಾತ್ರೆಗೆ ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ದಿನಕ್ಕೆ 250 ಮಿಲಿಗ್ರಾಂನಂತೆ 12 ವಾರ ನುಂಗಿದರೆ ಮುಗಿಯಿತು. ಆದರೆ ಫಲಿತಾಂಶವನ್ನು ಅಳೆದದ್ದು 12ನೆಯ ವಾರಕ್ಕಲ್ಲ, 48ನೆಯ ವಾರಕ್ಕೆ. ಮಾತ್ರೆ ನಿಂತ ಮೇಲೂ ಔಷಧಿಯ ಅಂಶ ತಿಂಗಳುಗಟ್ಟಲೆ ಉಗುರಿನಲ್ಲಿ ಉಳಿದು ಕೆಲಸ ಮಾಡುತ್ತಿರುತ್ತದೆ. 48ನೆಯ ವಾರಕ್ಕೆ ಶೇ. 70ರಷ್ಟು ಜನರ ಉಗುರಿನಲ್ಲಿ ಶಿಲೀಂಧ್ರ ಸಿಗಲಿಲ್ಲ. ಆದರೆ ಶಿಲೀಂಧ್ರವೂ ಹೋಗಿ, ಉಗುರೂ ನೋಡಲು ಪೂರ್ತಿ ಸರಿಯಾದದ್ದು ಶೇ. 38ರಷ್ಟು ಜನರಿಗೆ ಮಾತ್ರ. ನನ್ನ ವಾದದ ಜೀವ ಇರುವುದು ಈ ಎರಡು ಅಂಕಿಗಳ ನಡುವಿನ ಕಂದಕದಲ್ಲಿ. ಅಲ್ಲಿ ನಿಂತಿರುವವರೆಲ್ಲ ಶಿಲೀಂಧ್ರವನ್ನು ಗೆದ್ದಿದ್ದಾರೆ, ಕಣ್ಣಿಗೆ ಸೋತವರಂತೆ ಕಾಣುತ್ತಿದ್ದಾರೆ. ಮೇಲೆ ಹಚ್ಚುವ ಔಷಧಿಗಳದ್ದು ಇನ್ನೂ ಬಡ ಫಲಿತಾಂಶ: ಸೈಕ್ಲೋಪಿರಾಕ್ಸ್ ಲ್ಯಾಕರನ್ನು ದಿನವೂ 48 ವಾರ ಹಚ್ಚಿದವರಲ್ಲಿ ಪೂರ್ತಿ ಗುಣವಾದವರು ನೂರಕ್ಕೆ ಹತ್ತಕ್ಕಿಂತ ಕಡಿಮೆ; 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಫಿನಕೊನಜೋಲ್ ದ್ರಾವಣದಲ್ಲಿ ಅದು ಶೇ. 15ರಿಂದ 18. ಹತ್ತಿರಹತ್ತಿರ ಒಂದು ವರ್ಷ ಒಂದು ದಿನವೂ ಬಿಡದೆ ಬ್ರಷ್ ಹಿಡಿದು ಕೂತವರ ಕಥೆಯೇ ಹೀಗಾದರೆ, ನೆನಪಾದಾಗ ಹಚ್ಚಿದವರು ಔಷಧಿಯನ್ನು ಬೈಯುವುದರಲ್ಲಿ ನ್ಯಾಯವಿಲ್ಲ.

ಇಲ್ಲಿ ಮನೆಮದ್ದಿನ ಪಕ್ಷದವರು ಎದ್ದು ನಿಲ್ಲುತ್ತಾರೆ. ವಿನಿಗರ್, ಬೇವಿನೆಣ್ಣೆ, ಬೆಳ್ಳುಳ್ಳಿ, ಅಡುಗೆ ಸೋಡಾ, ಅರಿಶಿನ ಇವೆಲ್ಲ ಇರುವಾಗ ಮಾತ್ರೆ ಯಾಕೆ ಎಂಬುದು ಅವರ ಪ್ರಶ್ನೆ. ಇವುಗಳಲ್ಲಿ ಕೆಲವಕ್ಕೆ ಗಾಜಿನ ತಟ್ಟೆಯ ಮೇಲಿನ ಶಿಲೀಂಧ್ರವನ್ನು ಹತ್ತಿಕ್ಕುವ ಶಕ್ತಿ ಇದೆಯೆಂದು ಒಪ್ಪಿಕೊಳ್ಳೋಣ. ತೊಂದರೆಯೆಂದರೆ ನಮ್ಮ ಶಿಲೀಂಧ್ರ ಗಾಜಿನ ತಟ್ಟೆಯ ಮೇಲಿಲ್ಲ, ದಪ್ಪ ಉಗುರಿನ ಕೆಳಗಿದೆ; ಅಷ್ಟು ದಪ್ಪವನ್ನು ದಾಟಿ ಒಳಗಿಳಿಯುವುದೇ ಕಷ್ಟ. ಅರಿಶಿನದ್ದಂತೂ ವಿಶೇಷ ಮಹಿಮೆ: ಹಚ್ಚಿದ ಮೇಲೆ ಯಾವ ಹಳದಿ ರೋಗದ್ದು, ಯಾವ ಹಳದಿ ಮದ್ದಿನದು ಎಂದು ಧನ್ವಂತರಿಯೂ ಹೇಳಲಾರ. ಮದರಂಗಿ ಮತ್ತು ನೇಲ್ ಪಾಲಿಶ್ ಇನ್ನೂ ಪ್ರಾಮಾಣಿಕ. ಅವು ಗುಣಪಡಿಸುತ್ತೇವೆಂದು ಹೇಳುವುದಿಲ್ಲ, ಮುಚ್ಚಿಡುತ್ತೇವೆ ಎನ್ನುತ್ತವೆ. ಈ ಪಕ್ಷದ ಪರವಾಗಿ ಬಲವಾದ ಒಂದು ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡುವುದು ತರವಲ್ಲ. ನೆಗಡಿಗೆ ಎದೆಗೆ ಹಚ್ಚುವ ವಿಕ್ಸ್ ಅನ್ನು ಕಾಲುಗುರಿಗೆ ಹಚ್ಚಿಸಿ ನೋಡಿದ ಅಧ್ಯಯನವೊಂದು 2011ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 18 ಜನ. ಐವರಿಗೆ ಪೂರ್ತಿ ಗುಣವಾಯಿತು, ಹತ್ತು ಜನರಿಗೆ ಅಷ್ಟಿಷ್ಟು. ಹೋಲಿಸಿ ನೋಡಲು ವಿಕ್ಸ್ ಹಚ್ಚದ ಇನ್ನೊಂದು ಗುಂಪು ಇರಲಿಲ್ಲವಾದ್ದರಿಂದ ಇದರ ಮೇಲೆ ದೊಡ್ಡ ಕಟ್ಟಡ ಕಟ್ಟುವಂತಿಲ್ಲ. ಆದರೂ ಗಮನಿಸಬೇಕಾದ ಸಂಗತಿಯೆಂದರೆ, ಅವರನ್ನೂ ಗಮನಿಸಿದ್ದು 48 ವಾರ. ನಮ್ಮ ಮನೆಮದ್ದಿನವರೋ ವಾರಕ್ಕೊಂದು ಡಬ್ಬಿ ತೆಗೆಯುತ್ತಾರೆ. ಭಾನುವಾರ ನೆಂಟರು ಹೇಳಿದ್ದು ಮುಂದಿನ ಭಾನುವಾರ ಇನ್ನೊಬ್ಬ ನೆಂಟರು ಬರುವವರೆಗೆ ಮಾತ್ರ ಚಾಲ್ತಿ. ಅಡುಗೆಮನೆಯ ಅಷ್ಟೂ ಸಾಮಾನು ಹೆಬ್ಬೆರಳ ಮೇಲೆ ಹಾದುಹೋದರೂ, ಒಂದೊಂದಕ್ಕೂ ಸಿಕ್ಕ ಅವಕಾಶ ಅರ್ಧ ಮಿಲಿಮೀಟರಿಗಿಂತ ಕಡಿಮೆ.

ಎರಡನೆಯ ಆಕ್ಷೇಪ ಲಿವರ್‌ನದು. ‘ಆ ಮಾತ್ರೆ ಲಿವರ್ ತಿಂದುಬಿಡುತ್ತಂತೆ’ ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಪರೂಪವಾದರೂ ಟರ್ಬಿನಾಫಿನ್‌ನಿಂದ ಪಿತ್ತಜನಕಾಂಗಕ್ಕೆ ಗಂಭೀರ ಹಾನಿಯಾದದ್ದುಂಟು. ಆದ್ದರಿಂದಲೇ ಶುರುಮಾಡುವ ಮೊದಲು ರಕ್ತಪರೀಕ್ಷೆ. ಲಿವರ್ ಕಾಯಿಲೆ ಇದ್ದವರಿಗೆ ಇದು ಕೂಡದು. ಬೇರೆ ಮಾತ್ರೆ ನುಂಗುವವರು ಅದನ್ನು ಡಾಕ್ಟರಿಗೆ ಮೊದಲೇ ತಿಳಿಸಬೇಕು. ಇಷ್ಟು ಎಚ್ಚರ ಸರಿಯಾದದ್ದೇ. ಆದರೆ ಲಿವರ್ ಮೇಲಿನ ಈ ಕಾಳಜಿ ಕೆಲವರಲ್ಲಿ ಶನಿವಾರ ಸಂಜೆಗಳಂದು ರಜೆ ಹಾಕುವುದನ್ನು ಕಂಡಾಗ, ಹೆದರಿಕೆ ನಿಜಕ್ಕೂ ಮಾತ್ರೆಯದೋ ಮೂರು ತಿಂಗಳ ಶಿಸ್ತಿನದೋ ಎಂಬ ಅನುಮಾನ ಬರುತ್ತದೆ. ನಿಜವಾಗಿ ಹೆದರಬೇಕಾದದ್ದು ಬೇರೆ ಇದೆ: ಫಂಗಸ್ ಅಲ್ಲದ ಉಗುರಿಗೆ ಫಂಗಸ್ ಮಾತ್ರೆ ನುಂಗುವುದು. ಕೆಟ್ಟುಹೋದ ಕಾಲುಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಶಿಲೀಂಧ್ರದಿಂದ ಕೆಟ್ಟಿರುತ್ತವೆ. ಉಳಿದದ್ದಕ್ಕೆ ಸೋರಿಯಾಸಿಸ್, ಬಿಗಿ ಶೂ, ಎಂದೋ ಬಿದ್ದ ಪೆಟ್ಟು ಮೊದಲಾದವು ಕಾರಣ. ಉಗುರಿನ ಚೂರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಲ್ಚರ್‌ಗೆ ಕಳಿಸಿದರೆ ಗೊತ್ತಾಗುತ್ತದೆ. ಕಲ್ಚರ್ ವರದಿಗೆ ಮೂರು ನಾಲ್ಕು ವಾರ ಬೇಕು. ಪ್ರಯೋಗಶಾಲೆಯ ಉಪಚಾರದಲ್ಲೂ ಶಿಲೀಂಧ್ರ ಅವಸರ ಮಾಡುವುದಿಲ್ಲ. ಇಷ್ಟು ದಿನ ಕಾಯಲಾರದವರು ಮೆಡಿಕಲ್ ಶಾಪಿಗೆ ಹೋಗಿ ‘ಒಂದು ಒಳ್ಳೇ ಕ್ರೀಮ್ ಕೊಡಿ’ ಎನ್ನುತ್ತಾರೆ. ಅಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಕ್ರೀಮುಗಳು ಚರ್ಮದ ಮೇಲಿನ ಗಜಕರ್ಣದ ನವೆಯನ್ನು ಎರಡೇ ದಿನಕ್ಕೆ ಅಡಗಿಸುತ್ತವೆ, ಶಿಲೀಂಧ್ರವನ್ನು ಮಾತ್ರ ಬೆಳೆಸುತ್ತವೆ. ಟರ್ಬಿನಾಫಿನ್‌ಗೆ ಹಲವೊಮ್ಮೆ ಬಗ್ಗದ ಹೊಸ ಶಿಲೀಂಧ್ರವೊಂದು ಭಾರತದಲ್ಲಿ ಹಬ್ಬಿ, 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ನಮ್ಮ ದೇಶದ ಹೆಸರನ್ನೇ ಹೊತ್ತು ಶಾಸ್ತ್ರಗ್ರಂಥ ಸೇರಿತು. ಅದು ಮುಖ್ಯವಾಗಿ ಚರ್ಮದ್ದು, ಉಗುರಿನದಲ್ಲ. ಅದು ಹಬ್ಬಿದ್ದಕ್ಕೆ ತಜ್ಞರು ಹೇಳುವ ಕಾರಣಗಳಲ್ಲಿ ಈ ಕ್ರೀಮುಗಳೂ ಸೇರಿವೆ. ಅವಸರಕ್ಕೆ ಇದಕ್ಕಿಂತ ದೊಡ್ಡ ಸನ್ಮಾನಪತ್ರ ಇನ್ನೇನು ಬೇಕು?

‘ಬರಿಗಾಲಲ್ಲಿ ನಡೆದ ನಮ್ಮ ಅಜ್ಜಂದಿರಿಗೆ ಇದೆಲ್ಲ ಇತ್ತೇ?’ ಎಂಬುದು ಮೂರನೆಯ ಆಕ್ಷೇಪ. ಇದಕ್ಕೆ ಅರ್ಧ ಅಂಕ ಕೊಡಲೇಬೇಕು. ಟ್ರೈಕೋಫೈಟಾನ್ ರೂಬ್ರಮ್ ಅನ್ನು 1910ರಲ್ಲಿ ವರ್ಣಿಸಿದವರು ಕೊಲಂಬೊದಲ್ಲಿ ಕೆಲಸ ಮಾಡುತ್ತಿದ್ದ ಆಲ್ಡೊ ಕ್ಯಾಸ್ಟೆಲಾನಿ ಎಂಬ ಇಟಲಿಯ ವೈದ್ಯರು. ಆಗ್ನೇಯ ಏಷ್ಯಾ, ಪಶ್ಚಿಮ ಆಫ್ರಿಕಾಗಳ ಬರಿಗಾಲಿನ ಜನರ ಮೈಮೇಲೆ ಗಜಕರ್ಣವಾಗಿ ಇದ್ದ ಇದು, ಬೂಟು ತೊಟ್ಟ ಯುರೋಪಿನವರ ಕಾಲಿಗೆ ಇಳಿದು, ಸೈನಿಕರ ಜೊತೆ ಪಶ್ಚಿಮ ದೇಶಗಳಿಗೆ ಹೋಯಿತೆಂದು ವಿದ್ವಾಂಸರು ಹೇಳುತ್ತಾರೆ. ಆಮೇಲೆ ಈಜುಕೊಳ, ಸ್ನಾನಗೃಹಗಳ ಒದ್ದೆ ನೆಲ ಅದರ ಕೈಹಿಡಿಯಿತು. ಬಿಗಿ ಶೂ ಒಳಗಿನ ಸೆಕೆಯೇ ಅದಕ್ಕೆ ಪ್ರಾಣ. ಹಾಗೆಂದು ಅಜ್ಜಂದಿರ ಪಾದಗಳು ಕಮಲಗಳೇ ಆಗಿದ್ದವೆಂದು ತಿಳಿಯಬೇಕಿಲ್ಲ. ಮಳೆಗಾಲವಿಡೀ ಗದ್ದೆಯಲ್ಲಿ ನಿಂತವರ ಬೆರಳ ಸಂದಿಯ ಕೆಸರುಹುಣ್ಣನ್ನು ಮಲೆನಾಡಿನವರು ಬಲ್ಲರು. ಬರಿಗಾಲಿಗೆ ಮರಳುವುದೂ ಈಗ ಆಗದ ಮಾತು. ಶಾಲೆಯ ಕಪ್ಪು ಶೂ, ಪೊಲೀಸರ ಬೂಟು, ಕಾರ್ಖಾನೆಯ ಸುರಕ್ಷಾ ಬೂಟು, ಯಾವುದನ್ನೂ ನಮ್ಮ ವಾದ ಬಿಚ್ಚಿಸಲಾರದು. ಒಂದೇ ಜೊತೆಯನ್ನು ದಿನವೂ ತೊಡದೆ ಮಧ್ಯೆ ಒಂದು ದಿನ ಬಿಸಿಲಿಗೆ ಇಡಬಹುದು, ಕಾಲುಚೀಲವನ್ನು ಬಿಸಿನೀರಿನಲ್ಲಿ ಒಗೆಯಬಹುದು, ಸ್ನಾನವಾದ ಮೇಲೆ ಬೆರಳ ಸಂದಿಯನ್ನು ಒರೆಸಬಹುದು. ‘ವಾಸಿಯಾದರೂ ಮತ್ತೆ ಬರುತ್ತೆ ಬಿಡಿ’ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಉದುರಿದ ಚರ್ಮದ ಚೂರುಗಳಲ್ಲಿ ಈ ಶಿಲೀಂಧ್ರ ಶೂ ಒಳಗೆ ತಿಂಗಳುಗಟ್ಟಲೆ ಜೀವ ಹಿಡಿದು ಕಾಯುತ್ತದೆ. ಉಗುರು ಹೊಸದಾಗಿ ಶೂ ಹಳೆಯದೇ ಉಳಿದರೆ ಮತ್ತೆ ಬಾರದೆ ಇನ್ನೇನು ಮಾಡೀತು?

ಉಳಿದದ್ದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ: ನೋವಿಲ್ಲ, ಜ್ವರವಿಲ್ಲ, ಪ್ರಾಣಕ್ಕೆ ಸಂಚಕಾರವಿಲ್ಲ; ಇರಲಿ ಬಿಡಿ, ಅದರ ಪಾಡಿಗೆ ಅದು. ತೊಂಬತ್ತರ ಅಂಚಿನಲ್ಲಿ, ಆಗಲೇ ಹತ್ತು ಬಗೆಯ ಮಾತ್ರೆ ನುಂಗುತ್ತಿರುವವರ ಬಾಯಲ್ಲಿ ಈ ಮಾತು ಬಂದರೆ ನಾನು ತಲೆಬಾಗುತ್ತೇನೆ. ವೈದ್ಯರೂ ಅಂಥವರಿಗೆ ಉಗುರನ್ನು ಆಗಾಗ ತೆಳ್ಳಗೆ ಕತ್ತರಿಸಿಕೊಂಡರೆ ಸಾಕು ಎನ್ನಬಹುದು. ಆದರೆ ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದು 2023ರಲ್ಲಿ ಹೊರಬಂದ ಐಸಿಎಂಆರ್ ಅಧ್ಯಯನ ಹೇಳಿದೆ. ಅವರಲ್ಲಿ ಬಹಳ ಮಂದಿಗೆ ಪಾದದ ಸ್ಪರ್ಶ ಮಂದವಾಗಿರುತ್ತದೆ. ದಪ್ಪಗಟ್ಟಿದ ಉಗುರು ಪಕ್ಕದ ಬೆರಳನ್ನು ಗೀರಿದರೂ, ಶೂ ಒಳಗೆ ಒತ್ತಿ ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ. ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕರೆ ಮಾತು ಬೆರಳು ಉಳಿಸುವುದರವರೆಗೂ ಹೋಗಬಹುದು. ಶುಗರ್ ಇದೆಯೆಂದು ಪಂಕ್ತಿಯಲ್ಲಿ ಸಾರುವವರೇ ಉಗುರನ್ನು ಎಲ್ಲರಿಗಿಂತ ಮೊದಲು ವೈದ್ಯರಿಗೆ ತೋರಿಸಬೇಕಾದವರು. ಇನ್ನು ‘ಅದರ ಪಾಡಿಗೆ ಅದು’ ಇರುವ ಜಾತಿಯೂ ಅದಲ್ಲ. ಒಂದು ಬೆರಳಿಂದ ಇನ್ನೊಂದಕ್ಕೆ, ಪಾದದಿಂದ ತೊಡೆಸಂದಿಗೆ, ಬಚ್ಚಲುಮನೆಯ ನೆಲದಿಂದ ಮನೆಮಂದಿಯ ಕಾಲಿಗೆ ದಾಟುವ ಸಾಮರ್ಥ್ಯ ಅದಕ್ಕಿದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ವೈದ್ಯರು ಬರೆದದ್ದನ್ನು ನುಂಗಿ ಅಥವಾ ಹಚ್ಚಿ. ಬರೆದಷ್ಟು ದಿನವೂ ಬಿಡದೆ ಮಾಡಿ. ದಿನಾ ಬಗ್ಗಿ ಉಗುರು ನೋಡುವ ಚಾಳಿ ಬಿಡಿ. ತಿಂಗಳಿಗೊಮ್ಮೆ ಒಂದೇ ತಾರೀಖಿಗೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಸಾಕು, ಅದನ್ನು ಫ್ಯಾಮಿಲಿ ಗ್ರೂಪಿಗೆ ಕಳಿಸಬೇಕಾಗಿಲ್ಲ. ಈ ಯುಗಾದಿಗೆ ಚಿಕಿತ್ಸೆ ಶುರುಮಾಡಿದವರು ಮುಂದಿನ ಯುಗಾದಿಗೆ ಕಾಲು ಚಾಚಿ ತೀರ್ಪು ಕೊಡಿ. ಅದಕ್ಕೂ ಮೊದಲು ಕೊಟ್ಟ ಯಾವ ತೀರ್ಪೂ ಊರ್ಜಿತವಲ್ಲ.