ಕಡಲಕಾಗೆಯ ನೇಟಿವಿಟಿ ನಿರ್ಣಯ: ವಲಿಯಪರಂಬ ಹಿನ್ನೀರಿನ ಪಕ್ಷಿಮೀಮಾಂಸೆ

ವಿಷಯ: ನೀಲೇಶ್ವರದ ಕೋಟ್ಟಪ್ಪುರದಲ್ಲಿ ಹೌಸ್‌ಬೋಟ್ ಹತ್ತಿ, ವಲಿಯಪರಂಬದ ಹಿನ್ನೀರಿನಲ್ಲಿ ಕಡಲಹಕ್ಕಿಗಳನ್ನು ಅರಸುವುದು ಯುಕ್ತವೋ ಅಯುಕ್ತವೋ ಎಂಬುದೇ ಇಲ್ಲಿನ ಜಿಜ್ಞಾಸೆ. ಕೊರಳಲ್ಲಿ ಬೈನಾಕ್ಯುಲರ್ ಉಳ್ಳವರೆಲ್ಲ ಇದಕ್ಕೆ ಅಧಿಕಾರಿಗಳು. ಪ್ರಯೋಜನ ಕೊನೆಗೆ ತಿಳಿಯುತ್ತದೆ. ತಿಳಿಯದಿದ್ದರೂ ಬೋಟಿನ ಬಾಡಿಗೆ ಹಿಂದಕ್ಕೆ ಸಿಗದು.

ಸಂಶಯ: ಈ ಹಿನ್ನೀರು ಕೆರೆಯೋ, ಕಡಲೋ? ಮಳೆಗಾಲದಲ್ಲಿ ಹೊಳೆಗಳು ತುಂಬಿ ಬಂದು ನೀರಿನ ಉಪ್ಪು ಇಳಿಯುತ್ತದೆ. ಬೇಸಗೆಯಲ್ಲಿ ಅಳಿವೆಯಿಂದ ಉಬ್ಬರ ನುಗ್ಗಿ ಮತ್ತೆ ಏರುತ್ತದೆ. ಅರಬ್ಬಿ ಸಮುದ್ರಕ್ಕೂ ಬೋಟಿಗೂ ನಡುವೆ ಇರುವುದು ತೆಂಗು ತುಂಬಿದ ಒಂದು ಮರಳ ಪಟ್ಟಿ. ತೆರೆಯ ಸದ್ದಿಗೆ ಬೆನ್ನು ಹಾಕಿ ಕುಳಿತು ಕಡಲಹಕ್ಕಿ ಹುಡುಕುವವರನ್ನು ಏನೆನ್ನೋಣ?

ಪೂರ್ವಪಕ್ಷ: ಕಡಲಹಕ್ಕಿಯ ಊರು ಕಡಲು. ಕೆರೆಯಲ್ಲಿ ಕಂಡರೆ ಅದು ದಾರಿ ತಪ್ಪಿದ್ದು. 2023ರಲ್ಲಿ ಕಾಸರಗೋಡು ಬಿಳಿಹೊಟ್ಟೆಯ ಕಡಲಹದ್ದನ್ನು ಜಿಲ್ಲಾಪಕ್ಷಿಯಾಗಿ ಆರಿಸಿಕೊಂಡದ್ದೂ ಕಡಲು ಇದೆಯೆಂಬ ಧೈರ್ಯದಿಂದಲೇ.

ಖಂಡನೆ: ಅಮೆರಿಕದ ಯೂಟಾಕ್ಕೆ ಕಡಲೇ ಇಲ್ಲ, ಅದರ ರಾಜ್ಯಪಕ್ಷಿ ಕಡಲಕಾಗೆ. ಅಷ್ಟು ದೂರವೇಕೆ? ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಬರುವ ಕಂದುತಲೆಯ ಕಡಲಕಾಗೆ ಮೊಟ್ಟೆಯೊಡೆದು ಬರುವುದು ಲಡಾಖಿನ ತ್ಸೊ ಮೊರಿರಿಯಂಥ ಸರೋವರಗಳ ದಡದಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ. ಅದಕ್ಕೆ ಸರೋವರ ತವರು, ಕಡಲು ಬಾಡಿಗೆ ಮನೆ. ಮೇಲಾಗಿ ಇಲ್ಲಿಗೆ ಬರುವಾಗ ತಲೆಯ ಕಂದುಬಣ್ಣ ಅಳಿಸಿಹೋಗಿ, ಕಣ್ಣಿನ ಹಿಂದೆ ಒಂದು ಕಪ್ಪು ಬೊಟ್ಟು ಮಾತ್ರ ಉಳಿದಿರುತ್ತದೆ. ನೇಟಿವಿಟಿ ಸರ್ಟಿಫಿಕೇಟಿಗೆಂದು ವಿಲೇಜ್ ಆಫೀಸಿನ ಮೆಟ್ಟಿಲು ಹತ್ತಿದರೆ ಹೆಸರಿಗೂ ಮುಖಕ್ಕೂ ತಾಳೆಯಾಗದೆ ಅರ್ಜಿ ವಾಪಸಾಗುವುದು ಖಂಡಿತ.

ಪ್ರಮಾಣವಿಚಾರ: ಪ್ರತ್ಯಕ್ಷವೆಂದರೆ ಬೈನಾಕ್ಯುಲರಿನಲ್ಲಿ ಕಂಡದ್ದು, ಬೋಟು ಅಲುಗಿದರೆ ಅದು ತೆಂಗಿನ ಗರಿ. ಶಬ್ದವೆಂದರೆ ಮಾಷ್ಟ್ರು ಹೇಳಿದ್ದು. ಅನುಪಲಬ್ಧಿಯೆಂದರೆ ಕಾಣದಿರುವುದು, ಪಕ್ಷಿವೀಕ್ಷಕರ ಜ್ಞಾನದ ಬಹುಪಾಲು ಈ ಮೂಲದ್ದು. ದೊಡ್ಡ ಜಾತಿಯ ಕಡಲಕಾಗೆಗಳು ಪೂರ್ಣ ವೇಷ ಕಟ್ಟಲು ಸುಮಾರು ನಾಲ್ಕು ವರ್ಷ ಹಿಡಿಯುತ್ತವೆ; ಅಷ್ಟರವರೆಗೆ ವರ್ಷಕ್ಕೊಂದು ಬಣ್ಣ. ಆದುದರಿಂದ ಬೋಟಿನಲ್ಲಿ ತಾಳಮದ್ದಳೆ ಅನಿವಾರ್ಯ.

"ಕಾಲು ಹಳದಿ ಮಾಷ್ಟ್ರೇ, ಹ್ಯೂಗ್ಲಿನ್ಸ್ ಗಲ್ಲೇ."

"ಅದು ಕಾಲಿಗೆ ಬಿದ್ದ ಬಿಸಿಲು ಮಾರಾಯ. ಹಕ್ಕಿ ಇನ್ನೂ ಚೌಕಿಯಲ್ಲೇ ಉಂಟು, ಬಣ್ಣ ಮುಗಿದಿಲ್ಲ."

ಅರ್ಥಧಾರಿಗಳು ಪೀಠಿಕೆ ಮುಗಿಸುವ ಮೊದಲೇ ಪಾತ್ರ ಹಾರಿಹೋಯಿತು.

ಸಿದ್ಧಾಂತ: ಅಷ್ಟರಲ್ಲಿ ಅಡುಗೆಯ ಏಟ್ಟನ್ ಹಿಂಬದಿಯ ಕಿಟಕಿಯಿಂದ ಬೂತಾಯಿಯ ತಲೆ, ಕರುಳು ನೀರಿಗೆ ಚೆಲ್ಲಿದರು. ಯಾವ ಬೈನಾಕ್ಯುಲರಿಗೂ ಸಿಗದಿದ್ದ ಕಡಲಕಾಗೆಗಳು ಪ್ರತ್ಯಕ್ಷ. ಜತೆಗೆ ಗರುಡ, ಪಕ್ಕದ ತೆಂಗಿನ ಊರಕಾಗೆ. ರೀವ ಮಾತ್ರ ಎಂಜಲಿಗೆ ಕೊಕ್ಕು ತಾಗಿಸದೆ, ದೂರದಲ್ಲಿ ಜೀವದ ಮೀನಿಗೇ ಮುಳುಗು ಹಾಕಿ ತನ್ನ ಮಡಿ ಉಳಿಸಿಕೊಂಡಿತು. ಇದರಿಂದ ಸೂತ್ರ: ಎಲ್ಲಿ ಬೂತಾಯಿಯೋ ಅಲ್ಲಿ ವಾಸ. ಹುಟ್ಟು, ಹೆಸರು, ಬಣ್ಣ ಮೂರೂ ಅಪ್ರಮಾಣ.

ಅತಿದೇಶ: ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ವರದಿ ಇದ್ದಲ್ಲೇ ಇದೆ; ಹೊಳೆ ದಾಟಿ ಮೀನು ತಿನ್ನುವ ಕಡಲಕಾಗೆಯನ್ನು ಯಾವ ರಾಜ್ಯದವಳೆಂದು ಕೇಳಿದವರಿಲ್ಲ. ನಮ್ಮನ್ನು ಮಾತ್ರ ಎರಡೂ ಕಡೆ ಕೇಳುತ್ತಾರೆ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವರಿಗೆ ಬೋಟಿನ ಬಾಡಿಗೆ ಉಳಿಯುವುದು; ಬೆಳಿಗ್ಗೆ ಮೀನಿನ ಧಕ್ಕೆಗೆ ಹೋದರೆ ಸಾಕು. ಓದಿಯೂ ಬೋಟು ಹತ್ತುವವರು ಮೇಲಿನ ಡೆಕ್ಕಿನ ಕುರ್ಚಿಗಳನ್ನು ಮಾಷ್ಟ್ರರಿಗೆ ಬಿಟ್ಟು, ಅಡುಗೆಕೋಣೆಯ ಕಿಟಕಿಯ ಬಳಿ ಜಾಗ ಹಿಡಿಯತಕ್ಕದ್ದು.